ಸಬ್‌ಮರೀನ್ ಒಳಗೆ ಕೂತವರಿಗೆ ಸಮುದ್ರದ ಆಳ ಗೊತ್ತಾಗುವುದು ಹೇಗೆ?

ಕುಂಬಳೆ ಟೀಚರ್

ಶಬ್ದದ ಪಾಠದಲ್ಲಿ ಒಂದು ಮಾಮೂಲಿ ಲೆಕ್ಕ ಉಂಟಲ್ಲ, ಸಬ್‌ಮರೀನ್ ಕೆಳಗೆ ಶಬ್ದ ಕಳಿಸಿತು, ಇಷ್ಟು ಸೆಕೆಂಡಿಗೆ ಎಕೋ ಬಂತು, ಸಮುದ್ರದ ಆಳ ಎಷ್ಟು ಅಂತ. ವೇಗ ಗುಣಿಸು ಸಮಯ, ಅದರ ಅರ್ಧ, ಮುಗಿಯಿತು. ಈ ಸಲ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು "ಟೀಚರ್, ಸಬ್‌ಮರೀನ್ ಇರುವುದೇ ನೀರಿನ ಒಳಗೆ. ಹಾಗಾದ್ರೆ ಅದು ಸಮುದ್ರದ ಆಳ ಅಲ್ಲ, ಅದರ ಹೊಟ್ಟೆಯಿಂದ ಕೆಳಗಿನದ್ದು ಮಾತ್ರ ಅಲ್ವಾ" ಅಂತ ಕೇಳಿದಳು. ಸರಿಯಾಗಿಯೇ ಕೇಳಿದ್ದಾಳೆ. ಮೇಲಿನ ಆಳ ಅದಕ್ಕೆ ಹೇಗೆ ಗೊತ್ತಾಗುತ್ತದೆ? ಮತ್ತೆ ನನ್ನದೇ ಒಂದು ಸಂಶಯ. ಅಡಗಿಕೊಂಡು ಹೋಗಬೇಕಾದ ಹಡಗು ನಿಜವಾಗಿ ಹೀಗೆ ಶಬ್ದ ಮಾಡಿಕೊಂಡು ಆಳ ಅಳೆಯುತ್ತದಾ? ನಮ್ಮ ಕಾಸರಗೋಡು ಕಡೆ ಹಡಗಿನ ಕೆಲಸದವರು ಇಷ್ಟು ಜನ ಇದ್ದೀರಿ, ಯಾರಾದ್ರೂ ಬಿಡಿಸಿ ಹೇಳಿ.

ಕಟ್ಟೆಪುರಾಣ

ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಡುವುದು ಟೀಚರೇ. ಆದ್ರೆ ಅದಕ್ಕೆ ಮೊದಲು ಕಿಟಕಿ ತೆಗೀಬೇಕು, ಅಷ್ಟೇ ಸಮಸ್ಯೆ.

ಉದುಮದ ನಾವಿಕ

ಟೀಚರೇ, ನಿಮ್ಮ ಹುಡುಗಿ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಮರ್ಚೆಂಟ್ ನೇವಿಯವ, ಸಬ್‌ಮರೀನಿನವ ಅಲ್ಲ, ಆದ್ರೆ ಲೆಕ್ಕ ಎಲ್ಲಿ ಹೋದರೂ ಒಂದೇ. ಅಲ್ಲಿ ಎರಡು ಬೇರೆ ಬೇರೆ ಅಳತೆ ಉಂಟು. ನೀರಿನ ಮೇಲ್ಮೈಯಿಂದ ತಾನು ಎಷ್ಟು ಕೆಳಗಿದ್ದೇನೆ ಅಂತ ಸಬ್‌ಮರೀನ್ ತಿಳಿಯುವುದು ನೀರಿನ ಒತ್ತಡದಿಂದ. ತನ್ನಿಂದ ಸಮುದ್ರದ ತಳ ಎಷ್ಟು ದೂರ ಅಂತ ತಿಳಿಯುವುದು ಎಕೋದಿಂದ. ಎರಡನ್ನೂ ಕೂಡಿಸಿದರೆ ಆ ಜಾಗದ ಆಳ.

ಒತ್ತಡದ ಕಡೆ ತುಂಬಾ ಸುಲಭ. ಸಮುದ್ರದಲ್ಲಿ ಹತ್ತು ಮೀಟರ್ ಇಳಿದರೆ, ಮೇಲೆ ನಮ್ಮ ಮೈಮೇಲಿರುವ ಗಾಳಿಯ ಒತ್ತಡದಷ್ಟೇ ಇನ್ನೊಂದು ಪಾಲು ಸೇರುತ್ತದೆ. 300 ಮೀಟರಿಗೆ ಹೋದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 30 ಕಿಲೋ ಭಾರ. ಹೊರಗಿನ ನೀರಿನಿಂದ ಒಂದು ಸಣ್ಣ ಪೈಪ್ ಒಳಗಿನ ಗೇಜಿಗೆ ಬರುತ್ತದೆ. ಹಳೇ ಗೇಜಿನಲ್ಲಿ ಬಾಗಿದ ಲೋಹದ ಕೊಳವೆ ಇರುತ್ತದೆ, ಒತ್ತಡ ಏರಿದ ಹಾಗೆ ಅದು ನೇರವಾಗಲು ನೋಡುತ್ತದೆ, ಅದಕ್ಕೆ ಜೋಡಿಸಿದ ಮುಳ್ಳು ತಿರುಗುತ್ತದೆ. ಗ್ಯಾಸ್ ವೆಲ್ಡಿಂಗ್ ಮಾಡುವವರ ಸಿಲಿಂಡರಿನ ಮೇಲೆ ಮೀಟರ್ ನೋಡಿದ್ದೀರಲ್ಲ, ಒಳಗೆ ಅದೇ ಕೆಲಸ, ಇಲ್ಲಿ ಡಯಲ್ ಮೇಲೆ ಮೀಟರಿನಲ್ಲೋ ಅಡಿಯಲ್ಲೋ ಆಳ ಬರೆದಿರುತ್ತಾರೆ. ಈಗ ಎಲೆಕ್ಟ್ರಾನಿಕ್ ಸೆನ್ಸಾರ್ ಬಂದಿದೆ, ತತ್ವ ಬದಲಾಗಿಲ್ಲ. ಮುಖ್ಯ ವಿಷಯ ಏನೆಂದರೆ ಇದಕ್ಕೆ ಒಂದು ಚೂರೂ ಶಬ್ದ ಬೇಡ.

ಲೆಕ್ಕ ಬೇಕಿದ್ದರೆ ಹೀಗೆ ಕೊಡಿ. ಗೇಜ್ 100 ಮೀಟರ್ ತೋರಿಸುತ್ತದೆ. ಕೆಳಗೆ ಕಳಿಸಿದ ಶಬ್ದ 0.4 ಸೆಕೆಂಡಿಗೆ ವಾಪಸ್ ಬಂತು. ಸೆಕೆಂಡಿಗೆ 1500 ಮೀಟರ್ ಅಂತ ಇಟ್ಟರೆ ಹೋಗಿ ಬಂದ ದಾರಿ 600, ಅರ್ಧ 300. ಸಮುದ್ರದ ಆಳ 400 ಮೀಟರ್.

ನೀರ್ಚಾಲಿನವ

ಇದೆಲ್ಲ ಯಾಕೆ ಮಾರಾಯ್ರೆ? ಜಿಪಿಎಸ್ ಉಂಟು, ಸ್ಯಾಟಲೈಟ್ ಉಂಟು. ಎಲ್ಲಿದ್ದೇನೆ ಅಂತ ಗೊತ್ತಿದ್ದರೆ ಮ್ಯಾಪಿನಲ್ಲಿ ಆಳ ನೋಡಿದರೆ ಮುಗಿಯಿತು. ಶಬ್ದವೂ ಬೇಡ, ಎಕೋವೂ ಬೇಡ.

ಹಳೇ ಪೆರಿಸ್ಕೋಪ್

ನೀರ್ಚಾಲಿನವರೇ, ಜಿಪಿಎಸ್ ಸಿಗ್ನಲ್ ಉಪ್ಪುನೀರಿನ ಒಳಗೆ ಇಳಿಯುವುದೇ ಇಲ್ಲ. ಆಂಟೆನಾ ನೀರಿನಿಂದ ಮೇಲೆ ಇದ್ದರೆ ಮಾತ್ರ ಸಿಗುತ್ತದೆ. ಒಮ್ಮೆ ಮುಳುಗಿದ ಮೇಲೆ ಸಬ್‌ಮರೀನ್ ತನ್ನ ಜಾಗವನ್ನು ಇನರ್ಷಿಯಲ್ ಯಂತ್ರದಿಂದ ಲೆಕ್ಕ ಹಾಕುತ್ತದೆ. ಯಾವ ಕಡೆಗೆ ಎಷ್ಟು ತಿರುಗಿದೆ, ಎಷ್ಟು ವೇಗ ಏರಿದೆ ಅಂತ ಕೂಡಿಸಿಕೊಂಡು ಹೋಗುವುದು. ಹೊತ್ತು ಹೋದ ಹಾಗೆ ಅದರಲ್ಲಿ ತಪ್ಪು ಬೆಳೆಯುತ್ತದೆ. ಆಗ ಉಲ್ಟಾ ಕೆಲಸ ಶುರು. ಆಳ ಅಳೆದು ಅದನ್ನು ಚಾರ್ಟಿಗೆ, ಅಂದರೆ ಸಮುದ್ರದ ನಕ್ಷೆಗೆ, ಹೋಲಿಸಿ, ಓಹೋ ನಾವು ಈ ದಿಣ್ಣೆಯ ಮೇಲೆ ಇದ್ದೇವೆ ಅಂತ ಜಾಗ ಹುಡುಕುವುದು. ಅಂದರೆ ಚಾರ್ಟಿನಿಂದ ಆಳ ಅಲ್ಲ, ಆಳದಿಂದ ಚಾರ್ಟಿನ ಮೇಲಿನ ಜಾಗ.

ಟೀಚರ್, ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ. ನಾನು ನೇವಿಯಲ್ಲಿ ಇದ್ದದ್ದು ಮೇಲಿನ ಹಡಗಿನಲ್ಲಿ, ಸೋನಾರ್ ಅಂದರೆ ನೀರೊಳಗಿನ ಶಬ್ದ ಹಿಡಿಯುವ ಯಂತ್ರ, ಅದನ್ನು ಕೇಳುವ ಕೆಲಸ. ಅಂದರೆ ಸಬ್‌ಮರೀನ್ ಹುಡುಕುವ ಪಾರ್ಟಿ. ನಮಗೆ ಬೇಕಾದದ್ದೇ ಅವನು ಒಂದು ಶಬ್ದ ಮಾಡುವುದು. ಅವನು ಕಳಿಸಿದ ಶಬ್ದ ತಳಕ್ಕೆ ಹೋಗಿ ಅವನಿಗೇ ವಾಪಸ್ ಬರುವ ಹೊತ್ತಿಗೆ ಎಷ್ಟೋ ಕ್ಷೀಣವಾಗಿರುತ್ತದೆ, ಎರಡು ದಾರಿ ನಡೆದಿರುತ್ತದಲ್ಲ. ಆದರೆ ದೂರದಲ್ಲಿ ಸುಮ್ನೆ ಕಿವಿ ಇಟ್ಟು ಕೂತವನಿಗೆ ಒಂದೇ ದಾರಿ. ಹಾಗಾಗಿ ಕಳಿಸಿದವ ತನ್ನ ಎಕೋ ಕೇಳುವ ದೂರಕ್ಕಿಂತ ಎಷ್ಟೋ ಹೆಚ್ಚು ದೂರದಿಂದ ಬೇರೆಯವರು ಅವನ ಶಬ್ದ ಕೇಳಬಹುದು. ಅದಕ್ಕೇ ಸಬ್‌ಮರೀನಿನವರು ಎಕೋ ಸೌಂಡರ್, ಅಂದರೆ ಎಕೋದಿಂದ ಆಳ ಅಳೆಯುವ ಯಂತ್ರ, ಹಾಕುವುದಕ್ಕೆ ಯೋಚನೆ ಮಾಡುತ್ತಾರೆ. ಹಾಕಿದರೂ ಕಡಿಮೆ ಶಕ್ತಿ, ನೇರ ಕೆಳಗೆ ಹೋಗುವ ಸಪೂರ ಕಿರಣ, ಬೇಗ ಕರಗಿ ಹೋಗುವ ಎತ್ತರದ ಫ್ರೀಕ್ವೆನ್ಸಿ. ಒಂದೆರಡು ಪಿಂಗ್, ಆಮೇಲೆ ಬಂದ್. ಯಾವ ದೇಶದ ಯಾವ ಬೋಟು ಎಷ್ಟು ಆಳಕ್ಕೆ ಹೋಗುತ್ತದೆ, ಎಷ್ಟು ಹೊತ್ತಿಗೊಮ್ಮೆ ಅಳೆಯುತ್ತದೆ ಅಂತ ದಯಮಾಡಿ ಕೇಳಬೇಡಿ, ಅದನ್ನು ಯಾರೂ ಬರೆಯುವುದಿಲ್ಲ.

ಕುಂಬಳೆ ಟೀಚರ್

ತುಂಬಾ ಉಪಕಾರ ಇಬ್ಬರಿಗೂ. ಎಕೋ ಹೋಗಿ ಬರುವುದು ಎರಡು ದಾರಿ, ಕದ್ದು ಕೇಳುವವನಿಗೆ ಒಂದೇ ದಾರಿ, ಇದು ನಮ್ಮ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಇನ್ನೊಂದು ಪ್ರಶ್ನೆ. ಒತ್ತಡದಿಂದ ಆಳ ಅಂತ ಹೇಳುವಾಗ ನೀರಿನ ಸಾಂದ್ರತೆ ಗೊತ್ತಿರಬೇಕಲ್ಲ. ಉಪ್ಪುನೀರು, ಸಿಹಿನೀರು ವ್ಯತ್ಯಾಸ ಗೇಜಿಗೆ ತಾಗುವುದಿಲ್ವಾ?

ಉದುಮದ ನಾವಿಕ

ತಾಗುತ್ತದೆ. ಸಿಹಿನೀರು ಲೀಟರಿಗೆ ಒಂದು ಕಿಲೋ, ಸಮುದ್ರದ ನೀರು ಸುಮಾರು 1.025 ಕಿಲೋ. ಎರಡೂವರೆ ಶೇಕಡಾ ವ್ಯತ್ಯಾಸ. ಸಮುದ್ರಕ್ಕೆ ಹೊಂದಿಸಿದ ಗೇಜನ್ನು 200 ಮೀಟರ್ ಸಿಹಿನೀರಿನಲ್ಲಿ ಇಳಿಸಿದರೆ ಅದು 195ರ ಹತ್ತಿರ ತೋರಿಸುತ್ತದೆ. ಸಬ್‌ಮರೀನ್ ಹೋಗುವ ಆಳದಲ್ಲಿ ಇದನ್ನು ಸರಿಮಾಡುವುದು ದೊಡ್ಡ ವಿಷಯ ಅಲ್ಲ. ತಲೆನೋವು ಬರುವುದು ತುಂಬಾ ಆಳಕ್ಕೆ ಹೋದಾಗ.

ಗೇಜ್ ಎಲ್ಲಿ ಕೂತಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ದೊಡ್ಡ ಸಬ್‌ಮರೀನಿನ ಬೆನ್ನಿಗೂ ಅಡಿಗೂ ಹತ್ತು ಮೀಟರ್ ವ್ಯತ್ಯಾಸ ಸುಲಭವಾಗಿ ಇರುತ್ತದೆ. ಮೂತಿ ಕೆಳಗೆ ಮಾಡಿ ಇಳಿಯುವಾಗ ಮುಂದಿನ ಸೆನ್ಸಾರ್ ಒಂದು ಹೇಳುತ್ತದೆ, ಹಿಂದಿನದ್ದು ಇನ್ನೊಂದು. ಕೂಡಿಸುವಾಗ ಒತ್ತಡದ ಸೆನ್ಸಾರಿನಿಂದ ಎಕೋ ಕಳಿಸುವ ಜಾಗದ ತನಕದ ಎತ್ತರವನ್ನೂ ಸೇರಿಸಬೇಕು. ಮತ್ತೆ ಚಾರ್ಟಿನಲ್ಲಿ ಆಳ ಬರೆಯುವುದು ಇಳಿತದ ಕಾಲದ ನೀರಿನ ಮಟ್ಟದಿಂದ. ನೀವು ಅಳೆದದ್ದು ಆ ಹೊತ್ತಿನ ನೀರಿನಿಂದ. ನಮ್ಮ ಕಡೆ ಏರಿಳಿತ ದೊಡ್ಡದಲ್ಲ, ಆದ್ರೆ ಗುಜರಾತಿನ ಖಂಭಾತ್ ಕೊಲ್ಲಿಗೆ ಹೋಗಿ ನೋಡಿ, ಹತ್ತು ಮೀಟರ್ ಹತ್ತಿರ ಹೋಗುತ್ತದೆ, ಭರತ ಇಳಿತ ಮರೆತರೆ ಹಡಗು ಕೆಸರಲ್ಲಿ ಕೂತ ಹಾಗೆಯೇ.

ಬದಿಯಡ್ಕ ಲೈಬ್ರರಿ

ತುಂಬಾ ಆಳದ ತಲೆನೋವಿಗೆ ಒಳ್ಳೆಯ ಉದಾಹರಣೆ ಟ್ರಿಯೆಸ್ಟ್ ಎಂಬ ಆಳಸಮುದ್ರಕ್ಕೆ ಇಳಿಯುವ ನೌಕೆ. 1960ರ ಜನವರಿ 23ರಂದು ಜಾಕ್ ಪಿಕಾರ್ ಮತ್ತು ಡಾನ್ ವಾಲ್ಷ್ ಇಬ್ಬರೂ ಅದರಲ್ಲಿ ಕೂತು ಮಾರಿಯಾನಾ ಕಂದಕದ ತಳಕ್ಕೆ ಇಳಿದರಲ್ಲ. ಅಲ್ಲಿ ಗೇಜ್ ನೋಡಿ ಹೇಳಿದ ಆಳ 37,800 ಅಡಿ. ಆಮೇಲೆ ನೀರಿನ ಉಪ್ಪು, ಶಾಖ, ಅಷ್ಟು ಕೆಳಗೆ ನೀರೇ ಕುಗ್ಗಿ ಭಾರವಾಗುವುದು ಎಲ್ಲ ಸೇರಿಸಿ ಲೆಕ್ಕ ಹಾಕಿದಾಗ ಸುಮಾರು 35,800 ಅಡಿಗೆ ಇಳಿಯಿತು. ತಳ ಮುಟ್ಟಿದ್ದು ನಿಜವೇ, ಆದರೆ ಎಷ್ಟು ಆಳ ಎಂಬ ಉತ್ತರದಲ್ಲಿ 2,000 ಅಡಿ ಹೋಯಿತು. ನೀರನ್ನು ಕುಗ್ಗಿಸಲು ಆಗುವುದಿಲ್ಲ ಅಂತ ನಾವು ಶಾಲೆಯಲ್ಲಿ ಕಲಿತದ್ದು ಅಲ್ಲಿಗೆ ನಡೆಯುವುದಿಲ್ಲ.

ಮಂಜೇಶ್ವರ ಬೋಟು

ನಮ್ಮದು ಮೀನಿನ ಬೋಟು. ಎಕೋ ಸೌಂಡರ್ ಇಲ್ಲದೆ ಈಗ ಯಾರೂ ಹೋಗುವುದಿಲ್ಲ. ಅಪ್ಪನ ಕಾಲದಲ್ಲಿ ಸೀಸದ ಗುಂಡು ಕಟ್ಟಿದ ಹಗ್ಗ, ಇಷ್ಟು ಮಾರು ಅಂತ ಕೈ ಚಾಚಿ ಎಳೆಯುತ್ತಾ ಲೆಕ್ಕ. ಈಗಲೂ ನಾವು ಮಾತಾಡುವುದು ಮಾರಿನಲ್ಲೇ, ಯಂತ್ರ ಮೀಟರ್ ತೋರಿಸಿದರೂ. ಒಂದು ಮಾರು ಅಂದ್ರೆ ಸುಮಾರು ಆರು ಅಡಿ.

ಯಂತ್ರ ಹೇಳಿದ್ದೆಲ್ಲ ತಳ ಅಂತ ನಂಬಬಾರದು, ಅದು ನನ್ನ ಅನುಭವ. ಕಲ್ಲಿದ್ದರೆ ಗೆರೆ ಗಟ್ಟಿಯಾಗಿ, ತೆಳ್ಳಗೆ ಬರುತ್ತದೆ. ಕೆಸರಿದ್ದರೆ ದಪ್ಪ, ಬಾಲ ಬಿಟ್ಟ ಹಾಗೆ. ಕೆಲವು ಕಡೆ ಕೆಸರು ಗಂಜಿಯ ಹಾಗೆ ತೆಳು ಇರುತ್ತದೆ. ಆಗ 200 ಕಿಲೋಹರ್ಟ್ಜ್ ಹಾಕಿದರೆ ಕೆಸರಿನ ಮೇಲ್ಭಾಗವೇ ತಳ ಅನ್ನುತ್ತದೆ, 50ಕ್ಕೆ ತಿರುಗಿಸಿದರೆ ಕೆಸರನ್ನು ದಾಟಿ ಕೆಳಗಿನ ಗಟ್ಟಿ ನೆಲ ತೋರಿಸುತ್ತದೆ. ಯಾವುದು ಆಳ? ನಿಮ್ಮ ಬೋಟಿನ ಅಡಿ ಯಾವುದಕ್ಕೆ ತಾಗಿದರೆ ತೊಂದರೆಯೋ ಅದು. ಬೂತಾಯಿ ಮೀನು ಒಟ್ಟಾಗಿ ನಿಂತರೆ ಅದೂ ನೆಲದ ಹಾಗೆಯೇ ಕಾಣುತ್ತದೆ, ಹೊಸಬರು ಹೆದರುತ್ತಾರೆ, ನಮಗೆ ಖುಷಿ.

ಬದಿಯಡ್ಕ ಲೈಬ್ರರಿ

ಬೋಟಿನಣ್ಣ ಹೇಳಿದ ಹಾಗೇ ನೇವಿಯವರಿಗೂ ಆಗಿದೆ. 1942ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೋ ಹತ್ತಿರ ಸೋನಾರ್ ಪ್ರಯೋಗ ಮಾಡುತ್ತಿದ್ದವರಿಗೆ ತುಂಬಾ ಆಳದ ಸಮುದ್ರದಲ್ಲಿ ಅರ್ಧ ದಾರಿಯಲ್ಲೇ ಒಂದು ತಳ ಕಂಡಿತು. ಕೆಲವು ನೂರು ಮೀಟರ್ ಕೆಳಗೆ ಒಂದು ಪದರ, ಸಂಜೆಯಾದರೆ ಮೇಲೆ ಬರುತ್ತದೆ, ಬೆಳಗಾದರೆ ಇಳಿಯುತ್ತದೆ. ತಳ ಎಲ್ಲಾದರೂ ದಿನಾ ಏರಿ ಇಳಿಯುತ್ತದಾ? ಕೊನೆಗೆ ಅದು ಸಣ್ಣ ಮೀನು, ಸೀಗಡಿ ಜಾತಿಯ ಜೀವಿಗಳ ದೊಡ್ಡ ಪದರ ಅಂತ ಗೊತ್ತಾಯಿತು. ರಾತ್ರಿ ತಿನ್ನಲು ಮೇಲೆ ಬರುತ್ತವೆ, ಹಗಲು ಕತ್ತಲೆಗೆ ಇಳಿಯುತ್ತವೆ. ಮೀನಿನ ಹೊಟ್ಟೆಯ ಗಾಳಿಚೀಲ ಶಬ್ದವನ್ನು ಚೆನ್ನಾಗಿ ವಾಪಸ್ ಕಳಿಸುತ್ತದೆ. ನಮ್ಮ ಅರಬ್ಬಿ ಸಮುದ್ರದಲ್ಲಿ ಇಂಥ ಲ್ಯಾಂಟರ್ನ್ ಮೀನುಗಳು ವಿಪರೀತ. ಹಳೇ ಚಾರ್ಟುಗಳಲ್ಲಿ ಇದ್ದ ಕೆಲವು ಇಲ್ಲದ ದಿಣ್ಣೆಗಳಿಗೆ ಇವುಗಳೂ ಒಂದು ಕಾರಣ.

ಕಟ್ಟೆಪುರಾಣ

ಅಂದ್ರೆ ಯುದ್ಧದ ಮಧ್ಯೆ ನೇವಿಯವರು ಮೀನಿನ ಪದರಕ್ಕೆ ಹೆದರಿ ನಿಂತರು. ಬೋಟಿನಣ್ಣನನ್ನು ಕರೆದಿದ್ದರೆ ಅವತ್ತೇ ಹೇಳುತ್ತಿದ್ದರು.

ಕುಂಬಳೆ ಟೀಚರ್

1500 ಅನ್ನುವ ಸಂಖ್ಯೆಯ ಬಗ್ಗೆ ಯಾರಾದ್ರೂ ಹೇಳಿ. ಒಂದು ಪುಸ್ತಕದಲ್ಲಿ 1500, ಇನ್ನೊಂದರಲ್ಲಿ 1531, ಮತ್ತೊಂದರಲ್ಲಿ 1450. ಮಕ್ಕಳು ಯಾವುದು ಸರಿ ಅಂತ ಕೇಳುತ್ತಾರೆ.

ಉದುಮದ ನಾವಿಕ

ಎಲ್ಲವೂ ಸರಿ, ಎಲ್ಲಿಯ ನೀರು ಎಂಬುದು ಮುಖ್ಯ. ನೀರು ಬಿಸಿಯಾದರೆ ಶಬ್ದ ಜೋರಾಗಿ ಓಡುತ್ತದೆ. ನಮ್ಮ ಬಿಸಿ ನೀರಿನಲ್ಲಿ ಒಂದು ಡಿಗ್ರಿಗೆ ಸೆಕೆಂಡಿಗೆ ಎರಡರಿಂದ ಎರಡೂವರೆ ಮೀಟರ್, ತಣ್ಣೀರಿನಲ್ಲಿ ಇನ್ನೂ ಜಾಸ್ತಿ. ಉಪ್ಪು ಜಾಸ್ತಿಯಾದರೂ ಏರುತ್ತದೆ, ಒಂದು ಲೀಟರಿಗೆ ಒಂದು ಗ್ರಾಂ ಹೆಚ್ಚಾದರೆ ಒಂದು ಮೀಟರಿಗಿಂತ ಸ್ವಲ್ಪ ಮೇಲೆ. ಒತ್ತಡದಿಂದಲೂ ಏರುತ್ತದೆ, ಪ್ರತಿ 100 ಮೀಟರ್ ಆಳಕ್ಕೆ 1.7ರ ಹತ್ತಿರ. ನಮ್ಮ ಕರಾವಳಿಯ ಮೇಲ್ನೀರು ಬೇಸಿಗೆಯಲ್ಲಿ 29, 30 ಡಿಗ್ರಿ ಇರುವಾಗ ವೇಗ 1540 ದಾಟುತ್ತದೆ. ಯಂತ್ರದಲ್ಲಿ 1500 ಹಾಕಿಟ್ಟರೆ ನಿಜವಾಗಿ 60 ಮೀಟರ್ ಇರುವ ಕಡೆ ಐವತ್ತೆಂಟು ಚಿಲ್ಲರೆ ತೋರಿಸುತ್ತದೆ. ಕಡಿಮೆ ತೋರಿಸುವುದು ಹಡಗಿಗೆ ಒಳ್ಳೆಯದೇ, ಅಪಾಯ ಇಲ್ಲ. ಆದ್ರೆ ಆ ಬಿಸಿ ಪದರ ತೆಳ್ಳಗೆ. ಕೆಳಗೆ ಇಳಿದ ಹಾಗೆ ನೀರು ತಣ್ಣಗಾಗಿ ವೇಗ ಇಳಿಯುತ್ತದೆ, ಇನ್ನೂ ಕೆಳಗೆ ಶಾಖ ಹೆಚ್ಚು ಬದಲಾಗದೆ ಒತ್ತಡ ಮಾತ್ರ ಏರುವುದರಿಂದ ಮತ್ತೆ ವೇಗ ಏರುತ್ತದೆ. ಸರಿಯಾಗಿ ಅಳೆಯಬೇಕಾದರೆ ಮೇಲಿನಿಂದ ಕೆಳಗಿನ ತನಕ ಶಾಖ ಎಷ್ಟಿದೆ ಅಂತ ಮೊದಲು ಅಳೆಯಬೇಕು.

ಇನ್ನೊಂದು ಮೋಸ ಹೇಳುತ್ತೇನೆ, ಇದು ಪರೀಕ್ಷೆಗೆ ಬರುವುದಿಲ್ಲ ಆದ್ರೆ ಹಡಗಿನಲ್ಲಿ ಬರುತ್ತದೆ. ಹಳೇ ಎಕೋ ಸೌಂಡರನ್ನು 1000 ಮೀಟರ್ ರೇಂಜಿನಲ್ಲಿ ಇಟ್ಟಿದ್ದೀರಿ. ಅದು ಪ್ರತಿ 1.33 ಸೆಕೆಂಡಿಗೆ ಒಂದು ಪಿಂಗ್ ಕಳಿಸುತ್ತದೆ. ನಿಜವಾದ ಆಳ 1100. ಮೊದಲಿನ ಪಿಂಗಿನ ಎಕೋ ಬರುವ ಮೊದಲೇ ಎರಡನೇ ಪಿಂಗ್ ಹೋಗಿಯಾಗಿದೆ. ಯಂತ್ರ ಅದನ್ನು ಎರಡನೆಯದರ ಎಕೋ ಅಂದುಕೊಂಡು 100 ಮೀಟರ್ ಅಂತ ತೋರಿಸುತ್ತದೆ! ರೇಂಜ್ ಬದಲಾಯಿಸಿ ನೋಡಿದರೆ ಗೊತ್ತಾಗುತ್ತದೆ. ಇಳಿಜಾರಿನ ಮೇಲೂ ಹಾಗೇ. ಕಿರಣ 20 ಡಿಗ್ರಿ ಅಗಲ ಇದ್ದರೆ 3000 ಮೀಟರ್ ಆಳದಲ್ಲಿ ಅದು ಬೀಳುವ ಜಾಗ ಒಂದು ಕಿಲೋಮೀಟರಿಗಿಂತ ಅಗಲ. ಮೊದಲು ವಾಪಸ್ ಬರುವುದು ಹತ್ತಿರದ ದಿಬ್ಬದ ಎಕೋ, ನೇರ ಕೆಳಗಿನದ್ದಲ್ಲ.

ಹಳೇ ಪೆರಿಸ್ಕೋಪ್

ನಾವಿಕರು ಹೇಳಿದ ಶಾಖದ ಪದರ ಸಬ್‌ಮರೀನಿಗೆ ಮನೆ ಇದ್ದ ಹಾಗೆ. ಶಬ್ದ ಯಾವಾಗಲೂ ವೇಗ ಕಡಿಮೆ ಇರುವ ಕಡೆಗೆ ಬಾಗುತ್ತದೆ. ಮೇಲೆ ಬಿಸಿ, ಕೆಳಗೆ ತಣ್ಣಗೆ ಇದ್ದರೆ ನಮ್ಮ ಸೋನಾರಿನ ಶಬ್ದ ಕೆಳಗೆ ಬಾಗಿ ಹೋಗುತ್ತದೆ, ಸ್ವಲ್ಪ ದೂರದಲ್ಲಿ ನಮಗೆ ಕೇಳದ ಒಂದು ನೆರಳು ಉಂಟಾಗುತ್ತದೆ. ಬೆಳಗ್ಗೆ ಚೆನ್ನಾಗಿ ಕೆಲಸ ಮಾಡಿದ ಸೋನಾರ್ ಬಿಸಿಲು ಏರಿದ ಮೇಲೆ ಮಂದ ಆಗುವುದು ಇದಕ್ಕೇ. ಮೊದಲು ಆಪರೇಟರ್ ಊಟ ಮಾಡಿ ನಿದ್ದೆ ಹೊಡೆಯುತ್ತಾನೆ ಅಂತ ಬೈಯುತ್ತಿದ್ದರಂತೆ, ಪಾಪ. ನಮ್ಮ ಕಡೆ ಇನ್ನೂ ಕಷ್ಟ, ಮಳೆಗಾಲದಲ್ಲಿ ಕೆಳಗಿನ ತಣ್ಣೀರು ದಡದ ಹತ್ತಿರ ಮೇಲೆ ಬರುತ್ತದೆ, ಮಳೆಗಾಲ ಕಳೆದು ಚಳಿಗಾಲದ ಹೊತ್ತಿಗೆ ಬಂಗಾಳ ಕೊಲ್ಲಿಯ ಕಡಿಮೆ ಉಪ್ಪಿನ ನೀರು ಶ್ರೀಲಂಕಾ ಸುತ್ತಿಕೊಂಡು ಈ ಕಡೆ ಬರುತ್ತದೆ. ಒಂದೇ ಜಾಗ, ವರ್ಷದಲ್ಲಿ ಬೇರೆ ಬೇರೆ ಸಮುದ್ರ. ನೇರ ಕೆಳಗೆ ಹೋಗುವ ಎಕೋಗೆ ಈ ಬಾಗುವ ಕಾಟ ಇಲ್ಲ, ಅದಕ್ಕೆ ವೇಗದ ಕಾಟ ಮಾತ್ರ.

ನೀರ್ಚಾಲಿನವ

ಎಲ್ಲ ಒಪ್ಪಿದೆ. ಆದ್ರೆ ಚಾರ್ಟ್ ಸರಿ ಇದ್ದರೆ ಸಬ್‌ಮರೀನಿಗೆ ಎಕೋ ಯಾಕೆ ಬೇಕು, ಇನರ್ಷಿಯಲ್ ಯಂತ್ರ ಒಂದಿಷ್ಟು ಕಿಲೋಮೀಟರ್ ತಪ್ಪಿದರೂ ಸಾವಿರಾರು ಮೀಟರ್ ಆಳದ ಸಮುದ್ರದಲ್ಲಿ ಏನು ತಾಗುತ್ತದೆ? ಅದು ನನ್ನ ಪ್ರಶ್ನೆ.

ಬದಿಯಡ್ಕ ಲೈಬ್ರರಿ

ಬೆಟ್ಟ ತಾಗುತ್ತದೆ. 2005ರ ಜನವರಿ 8. ಅಮೆರಿಕದ ಯುಎಸ್‌ಎಸ್ ಸ್ಯಾನ್ ಫ್ರಾನ್ಸಿಸ್ಕೋ ಎಂಬ ಪರಮಾಣು ಸಬ್‌ಮರೀನ್ ಪೆಸಿಫಿಕ್ ಸಾಗರದ ಗುವಾಮ್ ದ್ವೀಪದಿಂದ ಆಸ್ಟ್ರೇಲಿಯಾದ ಬ್ರಿಸ್ಬೇನ್ ಕಡೆ ಹೋಗುತ್ತಿತ್ತು. 525 ಅಡಿ ಆಳದಲ್ಲಿ, ಪೂರ್ಣ ವೇಗದಲ್ಲಿ. ನೋಡುತ್ತಿದ್ದ ಚಾರ್ಟಿನಲ್ಲಿ ಆ ಕಡೆ ಸಾವಿರಾರು ಅಡಿ ನೀರು. ನೇರ ಹೋಗಿ ಸಮುದ್ರದೊಳಗಿನ ಬೆಟ್ಟಕ್ಕೆ ಹೊಡೆಯಿತು. ಒಬ್ಬ ನಾವಿಕ ಸತ್ತ, ತುಂಬಾ ಜನ ಗಾಯಗೊಂಡರು. ಮೂತಿ ಜಜ್ಜಿ ಹೋಯಿತು. ಒಳಗಿನ ಗಟ್ಟಿ ಹಲ್ (ಹಡಗಿನ ಕವಚ) ಒಡೆಯದೆ ಇದ್ದದ್ದರಿಂದ ಮೇಲೆ ಬಂದು ಗುವಾಮ್‌ಗೆ ವಾಪಸ್ ಮುಟ್ಟಿತು. ವಿಚಾರಣೆಯಲ್ಲಿ ಗೊತ್ತಾದದ್ದು ಏನೆಂದರೆ ಹಡಗಿನಲ್ಲೇ ಇದ್ದ ಬೇರೆ ಚಾರ್ಟುಗಳಲ್ಲಿ ಅಲ್ಲಿ ಅಪಾಯದ ಗುರುತು ಇತ್ತು, ಅದನ್ನು ಕೆಲಸದ ಚಾರ್ಟಿಗೆ ಇಳಿಸಿರಲಿಲ್ಲ. ಎಕೋ ತೋರಿಸಿದ ಆಳವೂ ಚಾರ್ಟಿನ ಆಳಕ್ಕೆ ಹೊಂದುತ್ತಿರಲಿಲ್ಲ. ಕ್ಯಾಪ್ಟನ್‌ನನ್ನು ಹುದ್ದೆಯಿಂದ ತೆಗೆದರು.

2021ರ ಅಕ್ಟೋಬರ್ 2ರಂದು ದಕ್ಷಿಣ ಚೀನಾ ಸಮುದ್ರದಲ್ಲಿ ಯುಎಸ್‌ಎಸ್ ಕನೆಕ್ಟಿಕಟ್‌ಗೂ ಹೀಗೇ ಆಯಿತು. ಇದು 16 ವರ್ಷ ಆದ ಮೇಲೆ. ಅಷ್ಟು ದುಡ್ಡಿನ ನೇವಿಗೇ ಹೀಗಾದರೆ.

ಕಟ್ಟೆಪುರಾಣ

ತಮಾಷೆ ಬಿಟ್ಟು ಕೇಳುತ್ತೇನೆ. ಕೆಳಗೆ ನೋಡುವ ಎಕೋ ಇರಲಿ, ಮುಂದಕ್ಕೆ ನೋಡುವ ಸೋನಾರ್ ಇರುತ್ತದಲ್ಲ ಮೂತಿಯಲ್ಲಿ. ಬೆಟ್ಟ ಕಾಣುವುದಿಲ್ವಾ?

ಹಳೇ ಪೆರಿಸ್ಕೋಪ್

ಕಾಣುತ್ತದೆ, ಆನ್ ಮಾಡಿದರೆ. ಮೂತಿಯ ಸೋನಾರ್ ಹೆಚ್ಚಿನ ಹೊತ್ತು ಕೇಳುವುದಕ್ಕೆ ಮಾತ್ರ ಇರುವುದು. ಬೆಟ್ಟ ಶಬ್ದ ಮಾಡುವುದಿಲ್ಲ. ಹಡಗಿಗೆ ಪ್ರೊಪೆಲ್ಲರ್ ಉಂಟು, ತಿಮಿಂಗಿಲ ಕೂಗುತ್ತದೆ, ಕಲ್ಲು ಸುಮ್ನೆ ಕೂತಿರುತ್ತದೆ. ತಾನೇ ಶಬ್ದ ಕಳಿಸುವ ಆಕ್ಟಿವ್ ಸೋನಾರ್ ಹಾಕಿದರೆ ಕೆಳಗಿನ ಎಕೋಗಿಂತ ಎಷ್ಟೋ ಪಟ್ಟು ಜೋರು ಗದ್ದಲ, ಸುತ್ತ ಎಲ್ಲರಿಗೂ ಕೇಳುತ್ತದೆ. ಮತ್ತೆ 30 ನಾಟ್ ಅಂದರೆ ಸೆಕೆಂಡಿಗೆ 15 ಮೀಟರ್. ಅಷ್ಟು ವೇಗದಲ್ಲಿ ತನ್ನದೇ ನೀರಿನ ಸದ್ದು ಕಿವಿ ಮುಚ್ಚಿಸುತ್ತದೆ. ಜ್ವಾಲಾಮುಖಿಯಿಂದ ಎದ್ದ ಬೆಟ್ಟದ ಬದಿ ಕಡಿದಾಗಿರುತ್ತದೆ, ಕೆಳಗೆ ನೋಡುವ ಎಕೋ "ಆಳ ಕಡಿಮೆ ಆಗುತ್ತಿದೆ" ಅಂತ ಹೇಳಿ ನೀವು ತಿರುಗಿಸುವ ಹೊತ್ತಿಗೆ ತಡವಾಗಬಹುದು.

ಆದರೆ ನನ್ನ ಅಭಿಪ್ರಾಯ ಖಡಕ್. ಅವತ್ತು ಅವರು ಯಾರಿಂದಲೂ ಅಡಗಿ ಯುದ್ಧ ಮಾಡುತ್ತಿರಲಿಲ್ಲ, ಊರಿಂದ ಊರಿಗೆ ಹೋಗುತ್ತಿದ್ದರು. ಅಳೆದ ಆಳ ಒಂದು ಹೇಳುತ್ತದೆ, ಚಾರ್ಟ್ ಇನ್ನೊಂದು ಹೇಳುತ್ತದೆ ಅಂತಾದರೆ ಮೊದಲು ವೇಗ ಇಳಿಸಬೇಕು. ಅಳತೆ ತಪ್ಪಿರಬಹುದು, ಮೀನಿನ ಪದರ ಇರಬಹುದು, ಆಮೇಲೆ ನೋಡುವ. ಕಾಗದದ ಮೇಲಿನ ಅಂಕೆಯನ್ನು ನಂಬಿ ಕೈಯಲ್ಲಿರುವ ಅಂಕೆಯನ್ನು ಬಿಟ್ಟದ್ದೇ ಅಲ್ಲಿ ಆದದ್ದು.

ಉದುಮದ ನಾವಿಕ

ಪೆರಿಸ್ಕೋಪ್ ಅಣ್ಣ ಹೇಳಿದ್ದಕ್ಕೆ ನನ್ನದೂ ಒಂದು ಸೇರಿಸಿ. ಚಾರ್ಟಿನಲ್ಲಿ ಬಿಳಿ ಜಾಗ ಕಂಡರೆ ಅಲ್ಲಿ ಏನೂ ಇಲ್ಲ ಅಂತ ಅರ್ಥ ಅಲ್ಲ, ಅಲ್ಲಿ ಯಾರೂ ಅಳೆದಿಲ್ಲ ಅಂತ ಇರಬಹುದು. ಈ ಒಂದು ಮಾತನ್ನು ಹೊಸ ಕೆಡೆಟ್‌ಗಳ ತಲೆಗೆ ತುಂಬಿಸುವುದೇ ಕಷ್ಟ. ಸ್ಕ್ರೀನಿನಲ್ಲಿ ಚಂದ ಕಾಣುತ್ತದಲ್ಲ, ನಂಬಿಬಿಡುತ್ತಾರೆ.

ನೀರ್ಚಾಲಿನವ

ಸ್ಯಾಟಲೈಟ್ ಅಳೆದಿದೆಯಲ್ಲ ಸ್ವಾಮಿ. ಗೂಗಲ್ ಮ್ಯಾಪಿನಲ್ಲಿ ಇಡೀ ಸಮುದ್ರದ ತಳ ಕಾಣುತ್ತದೆ, ಬೆಟ್ಟ ಕಣಿವೆ ಎಲ್ಲ.

ಬದಿಯಡ್ಕ ಲೈಬ್ರರಿ

ಸ್ಯಾಟಲೈಟಿಗೆ ತಳ ಕಾಣುವುದಿಲ್ಲ. ಅದಕ್ಕೆ ಕಾಣುವುದು ಸಮುದ್ರದ ಮೇಲ್ಮೈಯ ಎತ್ತರ. ನೀರಿನೊಳಗೆ ದೊಡ್ಡ ಬೆಟ್ಟ ಇದ್ದರೆ ಅದರ ಗುರುತ್ವ ಸುತ್ತಲಿನ ನೀರನ್ನು ತನ್ನ ಕಡೆ ಸ್ವಲ್ಪ ಎಳೆದುಕೊಳ್ಳುತ್ತದೆ. 2000 ಮೀಟರ್ ಎತ್ತರದ ಬೆಟ್ಟದ ಮೇಲೆ ನೀರು ಸುಮಾರು ಎರಡು ಮೀಟರ್ ಉಬ್ಬಿರುತ್ತದೆ, ತುಂಬಾ ಅಗಲಕ್ಕೆ ಹರಡಿಕೊಂಡು. ಅದನ್ನು ರೇಡಾರಿನಿಂದ ಅಳೆದು, ಹಡಗುಗಳ ಎಕೋ ಅಳತೆ ಜೊತೆ ಸೇರಿಸಿ ಸ್ಮಿತ್ ಮತ್ತು ಸ್ಯಾಂಡ್‌ವೆಲ್ ಎಂಬ ವಿಜ್ಞಾನಿಗಳು 1997ರಲ್ಲಿ ಇಡೀ ಜಗತ್ತಿನ ಸಮುದ್ರತಳದ ನಕ್ಷೆ ಮಾಡಿದರು. ನೀವು ಗೂಗಲ್‌ನಲ್ಲಿ ನೋಡುವುದರಲ್ಲಿ ತುಂಬಾ ಭಾಗ ಇಂಥ ಅಂದಾಜು. ಕೆಲವು ಕಿಲೋಮೀಟರಿಗಿಂತ ಸಣ್ಣ ಗುಡ್ಡ ಅದರಲ್ಲಿ ಸಿಗುವುದಿಲ್ಲ. ನಿಜವಾಗಿ ಎಕೋ ಹಾಕಿ ವಿವರವಾಗಿ ಅಳೆದದ್ದು ಜಗತ್ತಿನ ಸಮುದ್ರತಳದ ಕಾಲುಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಉಳಿದದ್ದನ್ನು 2030ರ ಒಳಗೆ ಮುಗಿಸುವುದಕ್ಕೆ ಸೀಬೆಡ್ 2030 ಅಂತ ಒಂದು ಯೋಜನೆ ನಡೆಯುತ್ತಿದೆ.

ಈ ಗುರುತ್ವದ ಕಥೆಯಲ್ಲಿ ಸಬ್‌ಮರೀನಿಗೂ ಪಾಲಿದೆ, ನನಗೆ ತುಂಬಾ ಇಷ್ಟದ ಭಾಗ. ನೆದರ್‌ಲ್ಯಾಂಡ್ಸ್‌ನ ವೆನಿಂಗ್ ಮೈನೆಸ್ ಎಂಬ ವಿಜ್ಞಾನಿಗೆ ಸಮುದ್ರದ ಮೇಲೆ ಗುರುತ್ವ ಅಳೆಯಬೇಕಿತ್ತು, ಲೋಲಕದಿಂದ. ಹಡಗು ಅಲೆಗೆ ಅಲ್ಲಾಡಿದರೆ ಲೋಲಕ ಕೆಟ್ಟಿತು. ಅದಕ್ಕೆ ಅವರು 1923ರಿಂದ ಸಬ್‌ಮರೀನಿನಲ್ಲಿ ಹೋಗತೊಡಗಿದರು. ಕೆಳಗೆ ಮುಳುಗಿದರೆ ಅಲೆಯ ಆಟ ಕಡಿಮೆ. ಆಳು ಎರಡು ಮೀಟರ್ ಎತ್ತರ, ಆಗಿನ ಸಬ್‌ಮರೀನ್ ಎಷ್ಟು ಇಕ್ಕಟ್ಟು ಯೋಚಿಸಿ!

ಕುಂಬಳೆ ಟೀಚರ್

ಹಾಗಾದರೆ ಆಳ ಅಳೆಯಲೆಂದೇ ಸಬ್‌ಮರೀನ್ ಬಳಸಿದ್ದುಂಟಾ ಅಕ್ಕ?

ಬದಿಯಡ್ಕ ಲೈಬ್ರರಿ

ಉಂಟು. ಉತ್ತರ ಧ್ರುವದ ಮಂಜಿನ ಕೆಳಗೆ. ಮೇಲಿನ ಹಡಗು ಅಲ್ಲಿಗೆ ಸುಲಭಕ್ಕೆ ಹೋಗುವುದಿಲ್ಲವಲ್ಲ. 1958ರ ಆಗಸ್ಟ್ 3ರಂದು ಅಮೆರಿಕದ ಪರಮಾಣು ಸಬ್‌ಮರೀನ್ ನಾಟಿಲಸ್ ಧ್ರುವದ ಕೆಳಗೆ ಹಾದು ಹೋದಾಗ ಅಲ್ಲಿ ಅಳೆದ ಆಳ 13,410 ಅಡಿ. ಅಲ್ಲಿ ಸಬ್‌ಮರೀನ್ ಎರಡೂ ಕಡೆ ಎಕೋ ಹಾಕಬೇಕು. ಕೆಳಗೆ ನೆಲಕ್ಕೆ, ಮೇಲೆ ಮಂಜಿಗೆ. ಆಮೇಲೆ 1998, 1999ರಲ್ಲಿ ಯುಎಸ್‌ಎಸ್ ಹಾಕ್‌ಬಿಲ್ ಎಂಬ ಯುದ್ಧದ ಸಬ್‌ಮರೀನಿನ ಹೊಟ್ಟೆಗೆ ತಳ ನೋಡುವ ಸೋನಾರ್ ಕಟ್ಟಿ, ವಿಜ್ಞಾನಿಗಳನ್ನು ಕೂರಿಸಿಕೊಂಡು ಆರ್ಕ್ಟಿಕ್ ತಳದ ನಕ್ಷೆ ಮಾಡಿದರು. ಆ ಕೆಲಸಕ್ಕೆ ಅಡಗುವುದು ಮುಖ್ಯ ಅಲ್ಲ, ಪಿಂಗ್ ಹಾಕಿಕೊಂಡೇ ಹೋಗಬಹುದು.

ಉದುಮದ ನಾವಿಕ

ಸಂಶೋಧನೆಯ ಸಬ್‌ಮರ್ಸಿಬಲ್‌ಗಳಿಗೂ ಅದೇ ಸ್ವಾತಂತ್ರ್ಯ. ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ (ಎನ್‌ಐಒಟಿ) ಮಾಡುತ್ತಿರುವ ಮತ್ಸ್ಯ 6000 ಮೂರು ಜನರನ್ನು 6000 ಮೀಟರಿಗೆ ಇಳಿಸುವುದಕ್ಕೆ, ಟೈಟಾನಿಯಂ ಗೋಳದ ಒಳಗೆ. ಅಂಥದ್ದಕ್ಕೆ ಕೆಳಗೆ ಎಷ್ಟು ದೂರ ನೆಲ ಉಂಟು ಅಂತ ಗೊತ್ತಿರದೆ ಇಳಿಯುವುದು ಅಂದರೆ ಕಣ್ಣು ಮುಚ್ಚಿ ಬಾವಿಗೆ ಹಾರುವುದೇ. ಒತ್ತಡ, ಎಕೋ, ಎರಡೂ ಕಡೆಯಿಂದ ಅಳೆಯುತ್ತಾ ಹೋಗಬೇಕು. ತಳ ಅಳೆಯುವ ಎಯುವಿಗಳು, ಅಂದರೆ ನೀರೊಳಗೆ ತಾವಾಗಿಯೇ ಓಡುವ ಮಾನವರಹಿತ ಯಂತ್ರಗಳು, ಮಾಡುವುದೂ ಅದನ್ನೇ, ತಳಕ್ಕೆ ಹತ್ತಿರ ಹೋಗುವುದರಿಂದ ಮೇಲಿನ ಹಡಗಿಗಿಂತ ಎಷ್ಟೋ ಸೂಕ್ಷ್ಮವಾಗಿ ತೋರಿಸುತ್ತವೆ.

ಮಕ್ಕಳಿಗೆ ಗೇಜ್ ಕಣ್ಣಾರೆ ತೋರಿಸಬೇಕಾದರೆ ಟೂರಿಗೆ ವಿಶಾಖಪಟ್ಟಣಕ್ಕೆ ಕರಕೊಂಡು ಹೋಗಿ. ಐಎನ್‌ಎಸ್ ಕುರ್ಸುರಾ ಬೀಚಿನಲ್ಲೇ ನಿಂತಿದೆ, 2001ರಲ್ಲಿ ನಿವೃತ್ತಿ ಆದದ್ದು, ಮರುವರ್ಷವೇ ಮ್ಯೂಸಿಯಂ ಮಾಡಿದರು. 91 ಮೀಟರ್ ಉದ್ದ, ಒಳಗೆ ನಡೆದು ಹೋಗಬಹುದು, ತಲೆ ಬಗ್ಗಿಸಿಕೊಂಡು.

ಕಟ್ಟೆಪುರಾಣ

ಕಾಸರಗೋಡಿನಿಂದ ವಿಶಾಖಪಟ್ಟಣ. ಬಸ್ಸಿನ ಖರ್ಚು ಪಿಟಿಎ ಕೊಡುತ್ತದಾ?

ಕುಂಬಳೆ ಟೀಚರ್

ಪಿಟಿಎ ಬೇಕಲ ಕೋಟೆಗೇ ಬಸ್ಸು ಮಾಡಲು ಲೆಕ್ಕ ಹಾಕುತ್ತದೆ ಮಾರಾಯ್ರೆ. ಆ ಸೀಬೆಡ್ 2030 ವಿಷಯ ಕೇಳಬೇಕಿತ್ತು. ಅಳೆಯದ ಜಾಗ ಇಷ್ಟು ಉಳಿದಿದ್ದರೆ, ಮೀನಿನ ಬೋಟುಗಳಲ್ಲೆಲ್ಲ ಎಕೋ ಸೌಂಡರ್ ಇರುವಾಗ ಅವರ ಅಳತೆಯನ್ನೇ ತೆಗೆದುಕೊಂಡರೆ ಆಗುವುದಿಲ್ವಾ?

ಉದುಮದ ನಾವಿಕ

ಆ ಯೋಚನೆ ಇದೆ. ಹಡಗು, ಬೋಟು, ಯಾಟ್‌ನವರು ದಾರಿಯಲ್ಲಿ ಅಳೆದ ಆಳವನ್ನು ಜಿಪಿಎಸ್ ಜಾಗದ ಜೊತೆ ಕೊಟ್ಟರೆ ಅಂತಾರಾಷ್ಟ್ರೀಯ ಜಲಮಾಪನ ಸಂಸ್ಥೆ ಅದನ್ನು ಸಂಗ್ರಹಿಸುತ್ತದೆ. ಸರ್ವೆ ಹಡಗಿನಷ್ಟು ನಿಖರ ಅಲ್ಲ, ಆದರೆ ಖಾಲಿ ಜಾಗಕ್ಕೆ ಏನಾದರೂ ಸಿಕ್ಕ ಹಾಗಾಯಿತು. ಮಂಜೇಶ್ವರದವರೇ, ನೀವು ಕೊಡುತ್ತೀರಾ?

ಮಂಜೇಶ್ವರ ಬೋಟು

ಕೆಸರು ಇರುವ ಜಾಗದ್ದೆಲ್ಲ ಕೊಡುತ್ತೇನೆ, ಎಷ್ಟು ಬೇಕಾದರೂ. ಕಲ್ಲಿನ ಪಾಯಿಂಟ್ ಮಾತ್ರ ಕೇಳಬೇಡಿ. ಅಲ್ಲಿ ಮೀನು ನಿಲ್ಲುತ್ತದೆ, ಇವತ್ತು ಕೊಟ್ಟರೆ ನಾಳೆ ಬೆಳಗ್ಗೆ ದಕ್ಕೆಯಿಂದ ಹತ್ತು ಬೋಟು ನನಗಿಂತ ಮೊದಲು ಅಲ್ಲಿ ಇರುತ್ತದೆ.

ಹಳೇ ಪೆರಿಸ್ಕೋಪ್

ಸಬ್‌ಮರೀನಿಗೆ ಬೇಕಾದದ್ದು ಆ ಕಲ್ಲಿನ ಪಾಯಿಂಟೇ ಅಣ್ಣ, ಕೆಸರಿನದ್ದಲ್ಲ.

ಮಂಜೇಶ್ವರ ಬೋಟು

ನಮ್ಮ ಕಲ್ಲು ಇರುವುದು 20 ಮಾರಿನಲ್ಲಿ. ಅಷ್ಟು ಕಡಿಮೆ ನೀರಿಗೆ ನಿಮ್ಮ ಸಬ್‌ಮರೀನ್ ಯಾಕೆ ಬರುತ್ತದೆ? ಬಂದರೆ ಮೊದಲು ನನ್ನ ಬಲೆ ಹೋಗುತ್ತದೆ.